ಅರ್ಧ ಕಿಲೋ ತೂಕ ಹೋಯಿತು

ಒದ್ದೆ ಹೊದಿಕೆಯ ಒಂದು ತುದಿ ತಂತಿಯ ಮೇಲೆ, ಇನ್ನೊಂದು ತುದಿ ಮಿಲಿಗ್ರಾಮನ ಹೆಗಲ ಮೇಲೆ, ಮಿಲಿಗ್ರಾಂ ಸ್ಟೂಲಿನ ಮೇಲೆ. ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕಣ್ಣು ಭದ್ರವಾಗಿ ಮುಚ್ಚಿತ್ತು.

“ರೀ, ಕಣ್ಣು ಬಿಡಿ. ಹೀಗೆ ತಡಕಾಡಿಕೊಂಡು ಕ್ಲಿಪ್ಪು ಹಾಕಿದ್ರೆ ನನ್ನ ಜಡೆಗೇ ಹಾಕ್ತೀರಿ,” ಎಂದಳು ಸ್ಟೂಲು ಹಿಡಿದುಕೊಂಡಿದ್ದ ಹೆಂಡತಿ.

“ಕಣ್ಣು ಬಿಟ್ರೆ ಬೀಳ್ತೀನಿ ಕಣೇ.”

“ಎಲ್ಲಿಗೆ ಬೀಳ್ತೀರಿ? ನೆಲ ನಿಮ್ಮ ಮೊಣಕಾಲಿನ ಹತ್ರಾನೇ ಕಾಯ್ತಾ ಕೂತಿದೆ.”

ಮಿಲಿಗ್ರಾಂ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ, ಅಂಗಡಿಯವರು ಇಟ್ಟದ್ದು. ತೂಕ-ಅಳತೆ ಇಲಾಖೆಯಲ್ಲಿ ಅವನು ಇನ್ಸ್‌ಪೆಕ್ಟರು. ತಕ್ಕಡಿಗಳನ್ನು ಪರೀಕ್ಷಿಸುವುದು, ತೂಕಗಳಿಗೆ ಮುದ್ರೆ ಒತ್ತುವುದು ಅವನ ಕೆಲಸ. ಆಳು ಕೂಡ ಹೆಸರಿಗೆ ತಕ್ಕಂತೆ ಜೋರು ಗಾಳಿ ಬಂದರೆ ಹೆಂಡತಿ ಅವನ ಅಂಗಿ ಹಿಡಿದುಕೊಳ್ಳುವಷ್ಟು ಹಗುರ. ಪರೀಕ್ಷೆಯಲ್ಲಿ ಮಾತ್ರ ಕೂದಲೆಳೆ ಬಿಡುವವನಲ್ಲ. ಲಾರಿ ತೂಗುವ ಕಟ್ಟೆಯಿರಲಿ, ಎಣ್ಣೆ ಟ್ಯಾಂಕಿನ ಏಣಿಯಿರಲಿ, ಎಲ್ಲವನ್ನೂ ಹತ್ತಿ ನೋಡಿಯೇ ಸಹಿ ಹಾಕುತ್ತಿದ್ದ. ಹತ್ತುವಾಗ ಅವನು ಕಣ್ಣು ಮುಚ್ಚಿರುತ್ತಿದ್ದುದನ್ನು ನೋಡಿದವರು, ಎಂಥ ಏಕಾಗ್ರತೆ ಎಂದುಕೊಳ್ಳುತ್ತಿದ್ದರು. ಎರಡು ಮೆಟ್ಟಿಲು ಹತ್ತಿದರೆ ಅವನ ತಲೆ ತಿರುಗುತ್ತದೆ ಎಂಬುದು ಹೆಂಡತಿಯನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಈ ಕಾಟದಿಂದ ಪಾರಾಗಲು ಅವನು ಮೂರು ವರ್ಷದ ಹಿಂದೆ ಮೇಲಿನ ಕಚೇರಿಗೆ ಒಂದು ಅರ್ಜಿ ಬರೆದಿದ್ದ. ಕಚೇರಿಯ ನೆಲಮಹಡಿಯಲ್ಲಿ ಮುದ್ರೆ ಕೋಣೆ ಎಂದು ಒಂದಿದೆ. ಅಲ್ಲಿ ಅಂಗಡಿಯವರೇ ತಕ್ಕಡಿ ಹೊತ್ತು ತರುತ್ತಾರೆ, ಕುರ್ಚಿಯಲ್ಲಿ ಕೂತವನು ಟಕ್ ಟಕ್ ಎಂದು ಮುದ್ರೆ ಒತ್ತುತ್ತಾನೆ, ಅಷ್ಟೆ. ಅವನಿಗೆ ಸ್ವರ್ಗವೆಂದರೆ ಆ ಕುರ್ಚಿ. ಆದರೆ ‘ನನಗೆ ತಲೆ ತಿರುಗುತ್ತದೆ’ ಎಂದು ಬರೆಯಲು ಧೈರ್ಯವಾಗಲಿಲ್ಲ. ಮೇಲಿನವರು ಅದನ್ನು ‘ಓಹೋ, ತಲೆ ತಿರುಗಿದೆಯಾ ಇವನಿಗೆ? ಇಷ್ಟು ಸೊಕ್ಕೇ?’ ಎಂದು ಓದಿಕೊಂಡರೆ? ಬಹಳ ಯೋಚಿಸಿ, ‘ಕುಳಿತು ಮಾಡುವ ಕೆಲಸವನ್ನು ದಯಪಾಲಿಸಬೇಕು’ ಎಂದಷ್ಟೇ ಬರೆದ.

ಅರ್ಜಿಯ ಕೆಳಗೆ ಸಾಹೇಬರು ಒಂದು ಸಾಲು ಶಿಫಾರಸು ಬರೆದರೆ ಸಾಕಿತ್ತು. ಅವರ ಕೈಬರಹ ಕಂಡರೆ ಮೇಲಿನ ಕಚೇರಿಯವರು ಮುಂದಕ್ಕೆ ಓದದೆ ಸಹಿ ಹಾಕುತ್ತಾರೆ ಎಂಬ ಮಾತಿತ್ತು. ಸಾಹೇಬರು ಬರೆಯಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ತಮ್ಮ ಮೇಜಿನ ಮೇಲಿದ್ದ ಹಳೆಯ ಹಿತ್ತಾಳೆ ತೂಕವೊಂದನ್ನು ಅರ್ಜಿಯ ಮೇಲೆ ಇಟ್ಟರು. ಅದು ಇನ್ನೂ ಅಲ್ಲೇ ಇತ್ತು. ತಿಂಗಳಿಗೊಮ್ಮೆ ಮಿಲಿಗ್ರಾಂ ಹೋಗಿ ಕೆಮ್ಮುತ್ತಿದ್ದ. “ನೋಡೋಣ ರೀ,” ಎನ್ನುತ್ತಿದ್ದರು ಸಾಹೇಬರು.

ಹೊದಿಕೆಗೆ ಎರಡನೆಯ ಕ್ಲಿಪ್ಪು ಬೀಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗಂಡನ ಎರಡೂ ಕೈ ತಂತಿಗೆ ಅಂಟಿಕೊಂಡಿದ್ದರಿಂದ ಹೆಂಡತಿಯೇ ಎತ್ತಿ, ಮನೆಮಂದಿಗೆಲ್ಲ ಕೇಳುವಂತೆ ಒತ್ತಿ, ಅವನ ಮುಖದ ಹತ್ತಿರ ಹಿಡಿದಳು.

“ರೀ, ಒಂದು ದೂರು ಬಂದಿದೆ,” ಎಂದಿತು ಸಾಹೇಬರ ಧ್ವನಿ. “ಊರಾಚೆ ಆ ಮನರಂಜನಾ ಪಾರ್ಕ್ ಇದೆಯಲ್ಲ, ಅಲ್ಲಿ ತಲೆಕೆಳಗಾಗೋ ಹಡಗಿನಲ್ಲಿ ಒಬ್ಬಾಕೆ ಕೂತಿದ್ದಳಂತೆ. ಇಳಿಯೋ ಹೊತ್ತಿಗೆ ಅರ್ಧ ಕಿಲೋ ತೂಕ ಹೋಗಿತ್ತಂತೆ.”

“ಹೋದ್ರೆ ಒಳ್ಳೇದೇ ಅಲ್ವಾ ಸಾರ್?”

“ನಾನೂ ಹಾಗೇ ಅಂದೆ. ನಮ್ಮನೆಯವಳು ದಿನಾ ಬೆಳಿಗ್ಗೆ ಊರೆಲ್ಲ ನಡೀತಾಳೆ, ಒಂದು ಗ್ರಾಮೂ ಹೋಗಿಲ್ಲ. ಆದ್ರೆ ಈಕೆಗೆ ವಾಪಸ್ ಬೇಕಂತೆ ಕಣ್ರೀ! ನಮ್ಮ ಗುಮಾಸ್ತ ಎರಡೆರಡು ಸಲ ಕೇಳಿದ್ದಾನೆ. ‘ಹೋಗಿದ್ದು ನನ್ನ ತೂಕ, ಕೊಡಿಸೋದು ನಿಮ್ಮ ಕೆಲಸ’ ಅಂತ ಮೇಜು ಗುದ್ದಿ ಹೇಳಿ ಹೋದಳಂತೆ.”

“ಇದು ಆಸ್ಪತ್ರೆಗೆ ಹೋಗಬೇಕಾದ ದೂರಲ್ವಾ ಸಾರ್?”

“ಅಲ್ಲ ರೀ. ಅಂಗಡಿಗೆ ಹೋದವರಿಗೆ ಅರ್ಧ ಕಿಲೋ ಕಡಿಮೆ ಬಂದ್ರೆ ಕೇಸು ಯಾರದು? ನಮ್ಮದು. ಪಾರ್ಕಿಗೆ ಹೋದವರೇ ಅರ್ಧ ಕಿಲೋ ಕಡಿಮೆಯಾಗಿ ಬಂದ್ರೆ? ಅದೂ ನಮ್ಮದೇ! ಮೇಲಾಗಿ ಆ ಪಾರ್ಕಿನವರು ಬಾಗಿಲಲ್ಲೇ ‘ಇಲ್ಲಿ ನಿಮ್ಮ ತೂಕ ಮಾಯ’ ಅಂತ ಬೋರ್ಡು ಹಾಕಿದ್ದಾರೆ. ಅದು ಸುಳ್ಳಾದ್ರೆ ಸುಳ್ಳು ಹೇಳಿದ ಕೇಸು. ನಿಜವಾದ್ರೆ ತೂಕ ಕದ್ದ ಕೇಸು. ಹೇಗೆ ನೋಡಿದ್ರೂ ಕೇಸು ಗಟ್ಟಿ. ನೀವು ಹೋಗಿ, ಆ ಹಡಗಿನಲ್ಲಿ ಕೂತು, ಅಳೆದು, ವರದಿ ತನ್ನಿ. ಆಕೆ ಕೈಲಿರೋ ಕೆಲಸ ಮುಗಿಸಿಕೊಂಡು ಅಲ್ಲಿಗೇ ಬರ್ತಾಳೆ.”

ಸ್ಟೂಲು ಒಮ್ಮೆ ಅಲುಗಿತು. “ಕೂತು ಅಂದ್ರಾ ಸಾರ್?”

“ನಿಂತ್ಕೊಂಡು ಹೋಗೋಕೆ ಅದೇನು ಬಸ್ಸಾ? ಇದೊಂದು ಮುಗಿಸಿ ಬನ್ನಿ. ನಿಮ್ಮ ಅರ್ಜಿ ಇವತ್ತು ಸಂಜೇನೇ ಕಳಿಸ್ತೀನಿ.”

ಹೆಂಡತಿ ಗಂಡನ ಮುಖ ನೋಡಿದಳು. ಅದು ಹೊದಿಕೆಗಿಂತ ಬಿಳಿಯಾಗಿತ್ತು. “ತಲೆ ತಿರುಗುತ್ತೆ ಅಂತ ಈಗಲಾದ್ರೂ ಹೇಳಿಬಿಡಿ ರೀ,” ಎಂದು ಪಿಸುಗುಟ್ಟಿದಳು. ಅವನು ಬೇಡವೆಂದು ತಲೆಯಾಡಿಸಿದ. ಮೂರು ವರ್ಷದಲ್ಲಿ ಸಾಹೇಬರು ‘ಇವತ್ತು’ ಎಂದದ್ದು ಇದೇ ಮೊದಲು.

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ಪೇಪರು ಮಡಿಸಿದ ಸದ್ದು ಕೇಳಿಸಿತು.

“ನಾನೂ ಬರ್ತೀನಿ ಕಣಯ್ಯ.”

ಪಕ್ಕದ ಮನೆಯವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ನಿವೃತ್ತರಾದ ಮೇಲೆ ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಉತ್ತರಗಳೆಲ್ಲ ಒಳಗೇ ಉಳಿದು ಅವರಿಗೆ ಅಜೀರ್ಣವಾಗಿತ್ತು. ಮಿಲಿಗ್ರಾಂ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ತೊಡೆಯ ಮೇಲೆ ತಮ್ಮ ಮನೆಯ ಬಚ್ಚಲಿನಿಂದ ತಂದ, ಮನುಷ್ಯರು ಹತ್ತಿ ನಿಲ್ಲುವ ಚಪ್ಪಟೆ ತೂಕದ ಯಂತ್ರ.

“ಇದ್ಯಾಕೆ ಮೇಷ್ಟ್ರೇ? ಇಲಾಖೆಯ ತಕ್ಕಡಿ ಇದೆ ನನ್ನ ಹತ್ರ.”

“ಇರ್ಲಿ. ನಿನ್ನ ತಕ್ಕಡಿಗೆ ಅವಮಾನ ಆಗೋ ಹೊತ್ತು ಬಂದಾಗ ಇದು ಬೇಕಾಗುತ್ತೆ.”

ಪಾರ್ಕಿನ ಮ್ಯಾನೇಜರು ಎಣ್ಣೆ ಹಚ್ಚಿದ ಬಾಗಿಲಿನಂಥ ಮನುಷ್ಯ. ಯಾವ ಕಡೆ ತಳ್ಳಿದರೂ ಸದ್ದಿಲ್ಲದೆ ತಿರುಗುತ್ತಿದ್ದ.

“ಆ ಬೋರ್ಡು ಸುಮ್ನೆ ಸಾರ್, ಜಾಹೀರಾತಿಗೆ,” ಎಂದ.

“ಸುಮ್ಮನೆ ಅಂತ ಬರೆದುಕೊಡಿ.”

“ಅಯ್ಯೋ, ಅಲ್ಲ ಸಾರ್, ನಿಜಾನೇ.”

“ನಿಜ ಅಂತ ಬರೆದುಕೊಡಿ.”

ಮ್ಯಾನೇಜರು ಬೋರ್ಡನ್ನು ನೋಡಿದ, ಇನ್ಸ್‌ಪೆಕ್ಟರನನ್ನು ನೋಡಿದ. “ಮೊದಲು ಒಂದು ಲೋಟ ತಣ್ಣಗೆ ಏನಾದ್ರೂ ಕುಡೀತೀರಾ ಸಾರ್?”

ಮಿಲಿಗ್ರಾಂ ಸುತ್ತ ನೋಡಿದ. ನೋಡಬಾರದಿತ್ತು. ಎಡಗಡೆ ಒಂದು ದೊಡ್ಡ ಚಕ್ರ ಮನುಷ್ಯರನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ಅದರಾಚೆ ಒಂದು ಪೀಪಾಯಿ ಒಳಗಿದ್ದವರನ್ನು ಮಜ್ಜಿಗೆಯ ಹಾಗೆ ಕಡೆಯುತ್ತಿತ್ತು. ಎಲ್ಲಕ್ಕಿಂತ ಹಿಂದೆ ಎರಡು ಕಬ್ಬಿಣದ ಕಂಬಗಳ ನಡುವೆ ಒಂದು ಹಡಗು. ನೀರಿಲ್ಲದ ಕಡೆ ಇಷ್ಟು ಹೊಯ್ದಾಡುವ ಹಡಗನ್ನು ಅವನು ಕಂಡಿರಲಿಲ್ಲ. ತೂಗಿ ತೂಗಿ ಮೇಲೇರಿ, ಕೊನೆಗೆ ಪೂರ್ತಿ ತಲೆಕೆಳಗಾಗಿ, ಅಲ್ಲೇ ಒಂದು ಗಳಿಗೆ ನಿಂತುಬಿಡುತ್ತಿತ್ತು. ಏನೋ ಮರೆತು ಬಂದವರು ಬಾಗಿಲಲ್ಲಿ ನಿಂತು ಯೋಚಿಸುವ ಹಾಗೆ.

“ಮೊದಲು ಚಕ್ರ,” ಎಂದ ಮಿಲಿಗ್ರಾಂ, ತೇಲಿದಂಥ ಧ್ವನಿಯಲ್ಲಿ. “ಸಣ್ಣದರಿಂದ ದೊಡ್ಡದಕ್ಕೆ ಹೋಗೋದು ನಮ್ಮ ಕ್ರಮ. ನೀವೂ ಬನ್ನಿ ಮೇಷ್ಟ್ರೇ.”

“ನಾನಾ? ನಾನು ಸಿದ್ಧಾಂತ ಕಣಯ್ಯ. ನೀನು ಪ್ರಯೋಗ,” ಎಂದು ಮೇಷ್ಟ್ರು ನೆರಳಿದ್ದ ಬೆಂಚು ಹುಡುಕಿ ಕೂತರು.

ಚಕ್ರದ ತೊಟ್ಟಿಲಲ್ಲಿ ಮಿಲಿಗ್ರಾಂ ಇಲಾಖೆಯ ತಕ್ಕಡಿಯನ್ನು ನೇತುಹಾಕಿದ. ಒಂದು ತಟ್ಟೆಯಲ್ಲಿ ತೂಕ, ಇನ್ನೊಂದರಲ್ಲಿ ಪಾರ್ಕಿನ ಅಡುಗೆಮನೆಯಿಂದ ತಂದ, ಅಷ್ಟೇ ಭಾರದ ಸಕ್ಕರೆ ಪೊಟ್ಟಣ. ಕಣ್ಣು ಬಿಡುವ ಮಾತೇ ಇರಲಿಲ್ಲ. ತಕ್ಕಡಿಯ ಮುಳ್ಳಿಗೆ ಬೆರಳ ತುದಿ ತಾಗಿಸಿಕೊಂಡು ಕೂತ. ಅಷ್ಟು ವರ್ಷದ ಅಭ್ಯಾಸ, ಮುಳ್ಳು ಎಷ್ಟು ಅಲ್ಲಾಡಿದರೂ ಬೆರಳಿಗೆ ತಿಳಿಯುತ್ತಿತ್ತು. ಚಕ್ರ ಏರಿತು, ಇಳಿಯಿತು, ಹೊಟ್ಟೆ ಇನ್ನೂ ಮೇಲೇ ಇತ್ತು. ಮುಳ್ಳು ಮಾತ್ರ ಮಿಸುಕಲಿಲ್ಲ.

ಕೆಳಗಿಳಿದವನ ಮುಖಕ್ಕೆ ಬೆಳಗಿನಿಂದ ಮೊದಲ ಸಲ ಬಣ್ಣ ಬಂತು. “ಒಂದು ಎಳ್ಳಷ್ಟೂ ವ್ಯತ್ಯಾಸ ಇಲ್ಲ! ದೂರು ಸುಳ್ಳು, ಪಾರ್ಕೂ ಸುಳ್ಳು, ನಡೀರಿ ಮನೆಗೆ.”

“ಕೂತ್ಕೋ,” ಎಂದರು ಮೇಷ್ಟ್ರು. “ಎರಡು ತಟ್ಟೆ ತಕ್ಕಡಿ ಏನು ಮಾಡುತ್ತೆ? ಇದನ್ನ ಅದಕ್ಕೆ ಹೋಲಿಸುತ್ತೆ. ಮೇಲೆ ಹೋದಾಗ ಸಕ್ಕರೇನೂ ಹಗುರ ಆಯ್ತು, ನಿನ್ನ ತೂಕಾನೂ ಹಗುರ ಆಯ್ತು. ಇಬ್ಬರೂ ಒಟ್ಟಿಗೇ ಕದ್ದರೆ ಪಂಚಾಯ್ತಿಗೆ ಕೂತ ಮುಳ್ಳಿಗೆ ಏನು ತಿಳಿಯುತ್ತೆ?”

“ತೂಕ ಅನ್ನೋದು ಹಾಗೆಲ್ಲ ಬದಲಾಗಲ್ಲ ಮೇಷ್ಟ್ರೇ. ನಾನು ಮುದ್ರೆ ಒತ್ತಿದ್ದೀನಿ.”

“ವಸ್ತು ಬದಲಾಗಲ್ಲಪ್ಪ. ನೀನು ಯಂತ್ರದ ಮೇಲೆ ನಿಂತಾಗ ಅದು ತೋರಿಸೋದು, ನಿನ್ನನ್ನ ಕೆಳಗಿನಿಂದ ಎಷ್ಟು ಜೋರಾಗಿ ಮೇಲಕ್ಕೆ ತಳ್ತಾ ಇದೆ ಅನ್ನೋದನ್ನ. ಸೀಟು ನಿನ್ನ ಜೊತೆಗೇ ಕೆಳಕ್ಕೆ ಜಾರಿದ್ರೆ ತಳ್ಳೋದು ಕಡಿಮೆ. ಎತ್ತಿ ಒಗೆದ್ರೆ ತಳ್ಳೋದು ಜಾಸ್ತಿ. ಅದೇ ಬಲ.”

ಮಿಲಿಗ್ರಾಂ ತನ್ನ ಕಾಲ ಕೆಳಗಿನ ನೆಲವನ್ನು ಬಗ್ಗಿ ನೋಡಿದ. “ಅಂದ್ರೆ ನಾನು ಇಷ್ಟು ವರ್ಷ ಮುದ್ರೆ ಒತ್ತಿದ್ದು ನೆಲ ಎಷ್ಟು ತಳ್ಳುತ್ತೆ ಅನ್ನೋದಕ್ಕಾ?”

“ಹೂಂ.”

“ನೆಲ ತಳ್ಳುತ್ತೆ ಅಂತ ನಮ್ಮ ಕಚೇರೀಲಿ ಯಾರಿಗೂ ಗೊತ್ತಿಲ್ಲ,” ಎಂದ ಅವನು ಕುಗ್ಗಿದ ದನಿಯಲ್ಲಿ.

ಇನ್ನು ಉಳಿದದ್ದು ಬಚ್ಚಲಿನ ಯಂತ್ರ. ತಲೆಕೆಳಗಾಗುವುದನ್ನು ಎಷ್ಟು ಮುಂದೂಡಿದರೆ ಅಷ್ಟು ಲಾಭವೆಂದು ಮಿಲಿಗ್ರಾಂ ತಾನಾಗಿಯೇ ಪೀಪಾಯಿ ಆರಿಸಿಕೊಂಡ. ಯಂತ್ರವನ್ನು ಅವನ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿಸಿದರು. ಪೀಪಾಯಿ ತಿರುಗಿತು, ಜೋರಾಯಿತು, ಕಾಲ ಕೆಳಗಿನ ನೆಲ ಸದ್ದಿಲ್ಲದೆ ಕಳಚಿ ಕೆಳಗಿಳಿಯಿತು. ಮಿಲಿಗ್ರಾಂ ಗೋಡೆಗೆ ತಟ್ಟಿದ ಬೆರಣಿಯಾದ.

“ಹೊರಕ್ಕೆ ಎಸೀತು ಮೇಷ್ಟ್ರೇ, ಹೊರಕ್ಕೆ!” ಎಂದ, ನಿಂತ ಮೇಲೆ, ಇಬ್ಬರು ಮೇಷ್ಟ್ರುಗಳ ನಡುವಿನ ಖಾಲಿ ಜಾಗಕ್ಕೆ.

“ತಪ್ಪು! ನೀನು ನೆಟ್ಟಗೆ ಹೋಗೋನಿದ್ದೆ, ಗೋಡೆ ನಿನ್ನ ಒಳಕ್ಕೆ ತಳ್ತು. ಬಲ ಇದ್ದದ್ದು ಒಳಕ್ಕೆ.”

“ಆ ಗೋಡೆಗೂ ನನಗೂ ಏನು ದ್ವೇಷ?”

ಯಂತ್ರದ ಮುಳ್ಳು ಅವನ ಮೈತೂಕಕ್ಕಿಂತ ಬಹಳ ಮುಂದೆ ಹೋಗಿತ್ತೆಂದು ಇಣುಕಿ ನೋಡಿದ್ದ ಮ್ಯಾನೇಜರು ಸಾಕ್ಷಿ ಹೇಳಿದ. ಮಿಲಿಗ್ರಾಂ ಮಾತ್ರ ಬರೆದುಕೊಳ್ಳಲು ಒಪ್ಪಲಿಲ್ಲ. “ಅಡ್ಡ ತೂಕಕ್ಕೆ ನಮ್ಮ ಇಲಾಖೇಲಿ ಮುದ್ರೆ ಇಲ್ಲ,” ಎಂದು ಬೆಂಚಿಗೆ ಒರಗಿಕೊಂಡ.

ಹಡಗಿನ ಹತ್ತಿರ ಅವನನ್ನು ಕೈಹಿಡಿದೇ ಕರೆದೊಯ್ಯಬೇಕಾಯಿತು. ಕಣ್ಣು ಮುಚ್ಚಿ ನಡೆಯುತ್ತಿದ್ದವನು ಹಡಗು ಓಡಿಸುವವನ ಕೋಣೆಯ ಬಾಗಿಲಲ್ಲಿ ಏನನ್ನೋ ಎಡವಿ, ಹೆಬ್ಬೆರಳು ಹಿಡಿದು ಕುಣಿದ. “ಬಾಗಿಲು ಬಡ್ಕೋಬಾರ್ದು ಅಂತ ಇಟ್ಟಿರೋದು ಸಾರ್, ನೋಡ್ಕೊಂಡು,” ಎಂದ ಒಳಗಿದ್ದವನು.

ಯಂತ್ರವನ್ನು ಸೀಟಿಗೆ ಕಟ್ಟಿ, ಅದರ ಮೇಲೆ ಮಿಲಿಗ್ರಾಮನನ್ನು ಕೂರಿಸಿ, ಹೆಗಲ ಮೇಲಿಂದ ದಪ್ಪ ಪಟ್ಟಿ ಇಳಿಸಿ ಬಿಗಿದರು. ಮುಳ್ಳು ಕಾಣುವುದು ತೊಡೆಗಳ ಸಂದಿಯಿಂದ. ಕಣ್ಣು ಬಿಟ್ಟರೆ ಮಾತ್ರ.

“ಕೂಗಿ ಹೇಳು, ನಾನು ಬರ್ಕೋತೀನಿ,” ಎಂದ ಮೇಷ್ಟ್ರು ಕೋಣೆಯೊಳಗೆ ಹೋದರು. ಅಲ್ಲಿ ಅವರಿಗೆ ಮೈಕು ಕಂಡಿತು.

ಎಷ್ಟೋ ವರ್ಷದಿಂದ ತರಗತಿಯಿಲ್ಲದ ಮನುಷ್ಯನಿಗೆ ಇಡೀ ಪಾರ್ಕಿಗೆ ಕೇಳುವ ಮೈಕು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

“ಗಮನಿಸಿ!” ಎಂದು ಕಂಬಕಂಬದಿಂದಲೂ ಮೇಷ್ಟ್ರು ಗುಡುಗಿದರು. “ಈಗ ಹಡಗು ತಳದಲ್ಲಿ ಹಾದುಹೋಗ್ತಾ ಇದೆ. ಸವಾರ ನೆಟ್ಟಗೆ ಹೋಗೋಕೆ ನೋಡ್ತಾನೆ, ಸೀಟು ಅವನನ್ನ ಬಲವಂತವಾಗಿ ಮೇಲಕ್ಕೆ ತಿರುಗಿಸುತ್ತೆ. ಆದ್ದರಿಂದ ಅವನ ತೂಕ…?”

“ಅಬ್ಬಬ್ಬಾ!” ಎಂದ ಮಿಲಿಗ್ರಾಂ ಹಡಗಿನಿಂದ.

“ಡಬ್ಬಲ್! ಡಬ್ಬಲ್ ಅಂತಿದ್ದಾರೆ ಇನ್ಸ್‌ಪೆಕ್ಟರು! ಕೇಳಿದ್ರಾ?”

ಜನ ಸೇರತೊಡಗಿದರು. ಚಕ್ರದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಬಂದರು. ಹಡಗು ಏರಿತು, ಏರಿತು, ಪೂರ್ತಿ ತಲೆಕೆಳಗಾಯಿತು, ಅಲ್ಲಿ ನಿಂತು ಯೋಚಿಸಿತು.

“ವೇಗವಾಗಿ ತಿರುಗಿದ್ರೆ ತಲೆಕೆಳಗಾದ್ರೂ ಏನೂ ಬೀಳಲ್ಲ. ನೀರು ತುಂಬಿದ ಬಕೆಟ್ಟನ್ನ ಬೀಸಿ ತಿರುಗಿಸಿ ನೋಡಿ, ಒಂದು ಹನಿ ಚೆಲ್ಲಲ್ಲ. ಆದ್ರೆ ಈ ಹಡಗು ಮೇಲೆ ನಿಧಾನ ಮಾಡುತ್ತೆ. ಆಗ ಸೀಟು ತಳ್ಳೋದಕ್ಕೆ ಏನೂ ಇಲ್ಲ, ಸವಾರ ಪಟ್ಟಿಯಲ್ಲಿ ನೇತಾಡ್ತಾನೆ, ಜೇಬಿನಲ್ಲಿರೋದೆಲ್ಲ ಬೀಳುತ್ತೆ. ಆದ್ದರಿಂದ ಯಂತ್ರ ತೋರಿಸೋ ತೂಕ…?”

“ಸತ್ತೆ! ಸತ್ತೆ!”

“ಸೊನ್ನೆ! ಸೊನ್ನೆ! ಎರಡು ಸಲ ಹೇಳಿದ್ರು!” ಚಪ್ಪಾಳೆ ಬಿತ್ತು. ಅದರ ಜೊತೆಗೆ ಮಿಲಿಗ್ರಾಮನ ಕನ್ನಡಕ, ಪೆನ್ನು, ಮೊಪೆಡ್ಡಿನ ಕೀಲಿಕೈ, ಊಟದ ಡಬ್ಬಿಯ ಮುಚ್ಚಳ ಎಲ್ಲವೂ ಕೆಳಗಿನ ಕಲ್ಲುಹಾಸಿನ ಮೇಲೆ ಬಿದ್ದವು.

ಹಡಗು ನಿಲ್ಲುವುದರಲ್ಲಿತ್ತು. “ಇರಿ, ಇರಿ,” ಎಂದಿತು ಮೈಕು. “ಒಂದೇ ಸಲ ನೋಡಿದ್ರೆ ಅದು ಗಾಳಿಮಾತು. ಮೂರು ಸಲ ನೋಡಿದ್ರೆ ವಿಜ್ಞಾನ. ಇನ್ನೆರಡು ಸುತ್ತು ಬಿಡಪ್ಪ.”

ಮಿಲಿಗ್ರಾಂ ಎರಡೂ ಕೈ ಬೀಸಿ ಬೇಡ ಬೇಡ ಎಂದ. ಜನ ಅವನಿಗೆ ವಾಪಸು ಕೈ ಬೀಸಿದರು.

ಹೀಗೆ ಮೂರು ಸಲವೂ ತಳದಲ್ಲಿ ಡಬ್ಬಲ್, ತುದಿಯಲ್ಲಿ ಸೊನ್ನೆ ಎಂದು ಮೇಷ್ಟ್ರು ಬರೆದುಕೊಂಡರು. ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಮಿಲಿಗ್ರಾಂ ಒಂದು ಸಲವೂ ಕಣ್ಣು ಬಿಟ್ಟಿರಲಿಲ್ಲ.

ಇಳಿಸಿದ ಮೇಲೆ ಅವನು ನಡೆದದ್ದು ನೆಟ್ಟಗೇ ಎಂದು ಅವನಿಗೆ ಅನ್ನಿಸಿತ್ತು. ನೋಡಿದವರು ದಾರಿ ಬಿಟ್ಟುಕೊಟ್ಟರು. ಕನ್ನಡಕವಿಲ್ಲ, ಜಗತ್ತೆಲ್ಲ ಒದ್ದೆ ಹೊದಿಕೆಯಾಚೆಗಿನಂತೆ ಕಾಣುತ್ತಿತ್ತು. ಕೋಣೆಯ ಬಾಗಿಲಿಗೆ ಬಂದವನು ಅದೇ ಹೆಬ್ಬೆರಳಿನಿಂದ ಅದನ್ನೇ ಎಡವಿ ಕುಕ್ಕರಿಸಿದ. ಸಿಟ್ಟಿನಿಂದ ಅದನ್ನು ಕೈಗೆತ್ತಿಕೊಂಡ. ಬೆರಳು ತಾನಾಗಿಯೇ ಅದರ ಮೇಲೆ ಓಡಿತು. ಆರು ಮೂಲೆಯ ಕಬ್ಬಿಣ. ನೆತ್ತಿಯ ಮೇಲೆ ಉಬ್ಬಿದ ಒಂದು ಐದು, ಎರಡು ಸೊನ್ನೆ.

“ಇದೆಲ್ಲಿ ಸಿಕ್ತು ನಿನಗೆ?”

“ಮೇಲಿಂದ ಬಿತ್ತು ಸಾರ್,” ಎಂದ ಹಡಗು ಓಡಿಸುವವನು. “ದಿನಾ ಏನಾದ್ರೂ ಬೀಳುತ್ತೆ. ಪುಣ್ಯ, ಯಾರ ತಲೆ ಮೇಲೂ ಬೀಳಲಿಲ್ಲ. ಬಾಗಿಲಿಗೆ ಸರಿಹೋಯ್ತು, ಇಟ್ಕೊಂಡೆ.”

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಒಬ್ಬ ದಪ್ಪನೆಯ ಹೆಂಗಸು ಬಂದಳು. ಸೆರಗಿನಲ್ಲಿ ಕೊತ್ತಂಬರಿ ಎಲೆ ಅಂಟಿತ್ತು. ಸೊಂಟದಲ್ಲಿ ಬಾಯಗಲಿಸಿದ ಬಟ್ಟೆ ಚೀಲ.

“ತೂಕದ ಆಫೀಸಿನವರು ಯಾರು? ನೀನೇನಾ ಸ್ವಾಮಿ? ಸಿಕ್ತಾ ನನ್ನ ತೂಕ?”

“ನೋಡಿ ತಾಯಿ,” ಎಂದು ಮೇಷ್ಟ್ರು ಮೈಕಿನಲ್ಲೇ ಶುರುಮಾಡಿದರು, “ನಿಮ್ಮ ಮೈತೂಕ ನಿಜವಾಗಿ ಎಲ್ಲೂ ಹೋಗಿಲ್ಲ…”

“ನನ್ನ ಮೈತೂಕದ ಸುದ್ದಿ ನಿನಗ್ಯಾಕಯ್ಯಾ?” ಹೆಂಗಸು ಸೊಂಟಕ್ಕೆ ಕೈಕೊಟ್ಟಳು. “ಅದು ಹೋದ್ರೆ ನಾನ್ಯಾಕೆ ದೂರು ಕೊಡ್ಲಿ, ಬಂದು ದಿನಾ ಕೂರ್ತಿದ್ದೆ! ನಾನು ಕೇಳ್ತಿರೋದು ತರಕಾರಿ ತೂಗೋ ತೂಕ. ಅರ್ಧ ಕಿಲೋದು. ಗಾಡೀಲಿ ಬಿಟ್ರೆ ಕದೀತಾರೆ ಅಂತ ಚೀಲದಲ್ಲಿ ಇಟ್ಕೊಂಡು ಕೂತಿದ್ದೆ, ತಲೆಕೆಳಗಾದಾಗ ಹೋಯ್ತು. ಆಫೀಸಿನಲ್ಲಿ ಬಿಡಿಸಿ ಹೇಳಿದ್ದೀನಲ್ಲ, ಅರ್ಧ ಕಿಲೋ ತೂಕ ಹೋಯ್ತು ಅಂತ!”

ಮಿಲಿಗ್ರಾಂ ಮೆಲ್ಲಗೆ ಕೈ ಮುಂದೆ ಚಾಚಿದ.

“ಅಯ್ಯೋ, ನನ್ನಪ್ಪಾ! ಇದೇ! ನಿನ್ನ ಹೊಟ್ಟೆ ತಣ್ಣಗಿರಲಿ!” ಎಂದು ಅವಳು ಕೈನೀಡುವಷ್ಟರಲ್ಲಿ ಅವನ ಹೆಬ್ಬೆರಳು ತೂಕದ ಅಡಿಯಲ್ಲಿ ಒಂದು ತೂತಿನೊಳಗೆ ಇಳಿಯಿತು. ಅಲ್ಲಿ ಸೀಸದ ಬಿಲ್ಲೆ ಇರಬೇಕಿತ್ತು, ಇಲಾಖೆಯ ಮುದ್ರೆ ಇರುವುದೇ ಅದರ ಮೇಲೆ. ಕಲ್ಲುಹಾಸಿಗೆ ಬಿದ್ದ ಹೊಡೆತಕ್ಕೆ ಬಿಲ್ಲೆ ಹಾರಿಹೋಗಿತ್ತು. ಮಿಲಿಗ್ರಾಂ ಅಲ್ಲೇ ಕೂತು ತಕ್ಕಡಿ ಎತ್ತಿದ. ಮುಳ್ಳು ಜಾರಿತು. ಅಷ್ಟೆಲ್ಲ ಜನ ಹತ್ತಿಳಿದ ಆ ಹಡಗಿನಲ್ಲಿ ನಿಜವಾಗಿ ತೂಕ ಕಳೆದುಕೊಂಡು ಬಂದದ್ದು ಒಂದೇ, ಅದು ಆ ತೂಕ.

“ಇದು ಕಡಿಮೆ ಇದೆ ತಾಯಿ. ಮುದ್ರೇನೂ ಇಲ್ಲ,” ಎಂದ ಸಂಕಟದಿಂದ. “ಇಂಥದ್ದನ್ನ ವಾಪಸ್ ಕೊಡೋ ಹಾಗಿಲ್ಲ. ಜಪ್ತಿ ಮಾಡಬೇಕು.”

“ಏನಂದೆ? ಕಳಕೊಂಡೋಳು ನಾನು, ಹುಡುಕಿಕೊಟ್ಟೋನು ನೀನು, ಈಗ ಕಿತ್ಕೊಳ್ಳೋನೂ ನೀನೇನಾ?” ಆಮೇಲೆ ಅವಳು ಅಂದದ್ದನ್ನು ಮೈಕು ಪಾರ್ಕಿಗೆಲ್ಲ ಕೇಳಿಸಿತು. ಇಲ್ಲಿ ಬರೆಯುವಂಥದ್ದಲ್ಲ.

ಬೈಗುಳ ಮುಗಿಯುವವರೆಗೂ ಮಿಲಿಗ್ರಾಂ, ಯಾರೋ ಹೆಕ್ಕಿಕೊಟ್ಟ ಕನ್ನಡಕ, ಕೀಲಿಕೈ ಹಿಡಿದು, ಬೆಂಚಿನ ಮೇಲೆ ಮೊಣಕಾಲುಗಳ ನಡುವೆ ತಲೆಯಿಟ್ಟು ಕೂತಿದ್ದ. ಮೇಷ್ಟ್ರು ಮ್ಯಾನೇಜರನ ಕೋಣೆಯಲ್ಲಿ ಫೋನಿನಲ್ಲಿ ಯಾರಿಗೋ ಹುರುಪಿನಿಂದ ಪಾಠ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಯಾರಿಗೆಂದು ಅವನು ಕೇಳಲಿಲ್ಲ. ಕೇಳಬೇಕಿತ್ತು.

ಸಂಜೆ ಕಚೇರಿಗೆ ಬಂದಾಗ ಸಾಹೇಬರು ಎದ್ದು ನಿಂತಿದ್ದರು. ಅವನಿಗಾಗಿ ಅವರು ಎದ್ದದ್ದು ಅದೇ ಮೊದಲು.

“ಬನ್ನಿ ರೀ, ಬನ್ನಿ! ಮೇಷ್ಟ್ರು ಎಲ್ಲ ಹೇಳಿದ್ರು. ಎಂಥ ಧೈರ್ಯ ನಿಮ್ಮದು! ಮೂರು ಸಲ!”

“ಸಾರ್, ಆ ದೂರು ಮೈತೂಕದ್ದಲ್ಲ, ತರಕಾರಿ…”

“ದೂರು ಬಿಡಿ. ಅದಕ್ಕಿಂತ ದೊಡ್ಡ ವಿಷಯ ಸಿಕ್ಕಿದೆ. ಮನುಷ್ಯ ಕೂತ ಸೀಟು ಅವನನ್ನ ತಳ್ಳುತ್ತೆ, ತಳ್ಳೋದೇ ತೂಕ, ಅಂದಮೇಲೆ ಸೀಟು ಅಂದ್ರೆ ತಕ್ಕಡೀನೇ ಅಲ್ವೇನ್ರೀ? ಆ ಪಾರ್ಕಿನಲ್ಲಿ ಅಷ್ಟೊಂದು ತಕ್ಕಡಿಗಳು ಮುದ್ರೆ ಇಲ್ಲದೆ ದಿನಾ ಜನರನ್ನ ತೂಗ್ತಾ ಇವೆ! ಡಬ್ಬಲ್ ತೋರಿಸ್ತವೆ, ಸೊನ್ನೆ ತೋರಿಸ್ತವೆ, ಕೇಳೋರಿಲ್ಲ! ಇನ್ನು ಮೇಲೆ ಪ್ರತಿಯೊಂದು ಸೀಟಿಗೂ ನಮ್ಮ ಪರೀಕ್ಷೆ ಆಗಬೇಕು. ಅದಕ್ಕೇ ಒಂದು ಹುದ್ದೆ ಬೇಕು. ಮ್ಯಾನೇಜರೂ ಒಪ್ಪಿದ್ದಾರೆ. ನೀವು ಮೇಲೆ, ಮೇಷ್ಟ್ರು ಮೈಕಿನಲ್ಲಿ. ಜನ ಮುಗಿಬೀಳ್ತಾರಂತೆ.”

ಮಿಲಿಗ್ರಾಮನಿಗೆ ಇದೆಲ್ಲ ದೂರದಿಂದ ಕೇಳಿಸುತ್ತಿತ್ತು. ಅವನ ಕಣ್ಣು ಮೇಜಿನ ಮೇಲಿತ್ತು. “ಸಾರ್, ನನ್ನ ಅರ್ಜಿ?”

“ಮಾತು ಅಂದ್ರೆ ಮಾತು.” ಸಾಹೇಬರು ಹಿತ್ತಾಳೆ ತೂಕ ಎತ್ತಿದರು. ಮೂರು ವರ್ಷದಿಂದ ಒತ್ತಿಸಿಕೊಂಡಿದ್ದ ಕಾಗದ ಫ್ಯಾನಿನ ಗಾಳಿಗೆ ದಡಕ್ಕನೆ ಎದ್ದು ಹಾರಿತು. ಗುಮಾಸ್ತ ಹಾರಿ ಹಿಡಿದ. “ಶಿಫಾರಸು ಆಗಲೇ ಬರೆದಿದ್ದೀನಿ. ಓದಪ್ಪ.”

ಗುಮಾಸ್ತ ಗಂಟಲು ಸರಿಮಾಡಿಕೊಂಡು ಓದಿದ: “ಅರ್ಜಿದಾರರು ಕುಳಿತು ಮಾಡುವ ಕೆಲಸವನ್ನು ಕೋರಿದ್ದಾರೆ. ಪಾರ್ಕಿನ ಸೀಟುಗಳ ಪರೀಕ್ಷೆಯನ್ನು ಪೂರ್ತಿಯಾಗಿ ಕುಳಿತೇ ಮಾಡತಕ್ಕದ್ದು. ಏಳಬೇಕೆಂದರೂ ಏಳದಂತೆ ಪಟ್ಟಿಯನ್ನೂ ಬಿಗಿಯುತ್ತಾರೆ. ಆದ್ದರಿಂದ ಇವರನ್ನೇ ಆ ಹುದ್ದೆಗೆ ಕಾಯಂ ಮಾಡಬೇಕೆಂದು ಬಲವಾಗಿ ಶಿಫಾರಸು ಮಾಡುತ್ತೇನೆ.”

ಮಿಲಿಗ್ರಾಂ ಮೇಜಿನ ಅಂಚು ಹಿಡಿದುಕೊಂಡ. ಮೂರು ವರ್ಷ ಬರೆಯದೆ ಬಿಟ್ಟ ಮಾತು ಕೊನೆಗೂ ಬಾಯಿಂದ ಹೊರಬಿತ್ತು. “ಸಾರ್, ನನಗೆ ತಲೆ ತಿರುಗುತ್ತೆ ಸಾರ್!”

ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. “ತಿರುಗುತ್ತೆ ರೀ, ಇಂಥ ಹುದ್ದೆ ಸಿಕ್ಕಿದ್ರೆ ಯಾರಿಗಾದ್ರೂ ತಿರುಗುತ್ತೆ. ನನಗೂ ತಿರುಗ್ತಿತ್ತು. ಆದ್ರೆ ನೀವು ಅಂಥ ಮನುಷ್ಯರಲ್ಲ. ಎಷ್ಟು ಮೇಲೆ ಹೋದ್ರೂ ನೆಲ ಮರೆಯೋರಲ್ಲ.”

ಅದೊಂದು ಮಾತು ಮಾತ್ರ ನಿಜವಾಗಿತ್ತು.

“ಇವತ್ತಿನ ಟಪಾಲು ಹೋಗಿಬಿಡ್ತು ಸಾರ್,” ಎಂದ ಗುಮಾಸ್ತ ಲಕೋಟೆಗೆ ಅಂಟು ಸವರುತ್ತ.

“ಹಾಗಾದ್ರೆ ಇವರೇ ಮನೆಗೆ ಹೋಗೋ ದಾರೀಲಿ ಡಬ್ಬಕ್ಕೆ ಹಾಕ್ಲಿ.”

ಮುಳುಗುವವನಿಗೆ ಹಲಗೆ ಸಿಕ್ಕಂತಾಯಿತು. ಲಕೋಟೆಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಮಿಲಿಗ್ರಾಂ ಮೊಪೆಡ್ಡು ಹತ್ತಿದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮೇಷ್ಟ್ರು ಹಿಂದೆ ಕೂತರು. ಮನೆಯಲ್ಲಿ ಬಟ್ಟೆ ನೆನೆಸಿದ ಬಕೆಟ್ಟು ಇರುತ್ತದೆ. ಜೇಬಿನಲ್ಲಿ ಕಾಗದ ಇದ್ದುದನ್ನು ಮರೆತು ಅಂಗಿಯನ್ನು ನೀರಿಗೆ ಹಾಕಿದ ಗಂಡಸರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಬೀದಿಯ ತಿರುವಿನಲ್ಲಿದ್ದ ಅಂಚೆ ಡಬ್ಬವನ್ನು ಅವನು ಬೇರೆ ಕಡೆ ಮುಖ ಮಾಡಿಕೊಂಡು ದಾಟಿದ.

“ಏಯ್, ಡಬ್ಬ ಹಿಂದೆ ಹೋಯ್ತು ಕಣಯ್ಯ! ನಿಲ್ಸು!” ಎಂದು ಹಿಂದಿನ ಸೀಟಿನಿಂದ ಮೇಷ್ಟ್ರು ಬೆನ್ನು ತಟ್ಟಿದರು.

“ನಾಳೆ ಹಾಕ್ತೀನಿ ಮೇಷ್ಟ್ರೇ, ಕತ್ತಲಾಯ್ತು.”

“ಮೂರು ವರ್ಷ ಕಾದಿದ್ದು ಸಾಲದಾ? ಸುಸ್ತಾಗಿದ್ದೀಯ, ಪಾಪ. ನೀನು ಇಳೀಬೇಡ.” ಮೇಷ್ಟ್ರು ಇಳಿದು, ಮುಂದೆ ಬಂದು, ತಮ್ಮದೇ ಜೇಬೆಂಬಂತೆ ಕೈಹಾಕಿ ಲಕೋಟೆ ತೆಗೆದುಕೊಂಡು ಹೊರಟರು. ಮಿಲಿಗ್ರಾಂ ಮೊಪೆಡ್ಡಿಗೆ ಸ್ಟ್ಯಾಂಡು ಹಾಕಿ ಹಿಂದೆ ಓಡುವಷ್ಟರಲ್ಲಿ ಲಕೋಟೆಯ ಅರ್ಧ ಡಬ್ಬದ ಬಾಯೊಳಗಿತ್ತು.

“ಹಾಂ, ಬಂದ್ಯಾ, ಒಳ್ಳೇದಾಯ್ತು. ಇದನ್ನೂ ನೋಡ್ಕೋ,” ಎಂದರು ಮೇಷ್ಟ್ರು ತುದಿ ಹಿಡಿದುಕೊಂಡು. “ನಾನು ಈಗ ಬಿಟ್ಟೆ ಅಂದ್ರೆ, ತಳ ಮುಟ್ಟೋವರೆಗೆ ಇದನ್ನ ತಳ್ಳೋರು ಯಾರೂ ಇಲ್ಲ. ಅಲ್ಲೀವರೆಗೂ ಇದಕ್ಕೆ ತೂಕಾನೇ ಇಲ್ಲ.”

“ಮೇಷ್ಟ್ರೇ, ಬೇಡಿ…”

ಮೇಷ್ಟ್ರು ಬಿಟ್ಟರು.

ಡಬ್ಬದ ಒಳಗೆ ‘ಟಪ್’ ಎಂದಿತು. ಮಿಲಿಗ್ರಾಂ ಗಟ್ಟಿ ನೆಲದ ಮೇಲೆ ನಿಂತುಕೊಂಡೇ ಅಂಚೆ ಡಬ್ಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕಣ್ಣು ಮುಚ್ಚಿಕೊಂಡ.